ನಾಯಿಗೆ ಎಲುಬು ಹಾಕುವ ರೂಢಿ: ದೇವದುರ್ಗ ಸೀಮೆಯನ್ನು ಕುರಿತು ಒಂದು ವಿವೇಚನೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕು ಕೃಷ್ಣಾ ನದಿಯ ದಕ್ಷಿಣಕ್ಕಿರುವ ಜೋಳ, ತೊಗರಿ, ಹತ್ತಿಗಳ ನಾಡು. ಕಾಲುವೆಯ ನೀರು ಬಂದ ಕಡೆ ಈಗ ಬತ್ತವನ್ನೂ ಬೆಳೆಯುತ್ತಾರೆ. ಬೆಳೆ ಯಾವುದೇ ಆಗಲಿ, ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಯ ಹಟ್ಟಿಗಳು ಬಂದು ನಿಲ್ಲುವುದು ಇಲ್ಲಿಯ ಹಳೆಯ ವ್ಯವಸ್ಥೆ. ಹೊಲದವನಿಗೆ ಗೊಬ್ಬರ, ಕುರಿಗಾರನಿಗೆ ಮೇವು. ಕೆಂಪುಗಂದು ಬಣ್ಣದ ಕೆಂಗುರಿ ತಳಿಯ ಸ್ವಸ್ಥಾನವೂ ರಾಯಚೂರು ಸೀಮೆಯೇ ಆಗಿದೆ. ಹಟ್ಟಿ ಇದ್ದಲ್ಲಿ ನಾಯಿ ಇರಲೇಬೇಕು. ತೋಳನನ್ನೂ ಕಳ್ಳನನ್ನೂ ತಡೆಯುವ ಈ ಪ್ರಾಣಿಗೆ ದಿನದ ಕೂಲಿಯೆಂದು ಸಿಗುವುದು ಜೋಳದ ರೊಟ್ಟಿಯ ಚೂರು, ಮಜ್ಜಿಗೆ, ನುಚ್ಚು. ಹಬ್ಬ ಜಾತ್ರೆಗಳಲ್ಲಿ ಎಲುಬು. ಮೈಸೂರು ಕಡೆಯವರು ಮೂಳೆಯೆನ್ನುವುದನ್ನು ಇಲ್ಲಿಯವರು ಎಲುಬು ಎನ್ನುವರು. ಪ್ರಕೃತ ಲೇಖನದಲ್ಲಿ ನಾವೂ ಆ ಪದವನ್ನೇ ಬಳಸಿದ್ದೇವೆ.

ನಾಯಿಗೂ ಎಲುಬಿಗೂ ಇರುವ ನಂಟನ್ನು ಯಾರೂ ಶಂಕಿಸುವುದಿಲ್ಲ. ಆದರೆ ಪಶುವೈದ್ಯನ ಮೇಜಿನ ಮೇಲೆ ಬರುವ ನಾಯಿಗಳಲ್ಲಿ ಎಲುಬಿನಿಂದಲೇ ಕೆಟ್ಟವುಗಳು ಸದಾ ಇದ್ದೇ ಇರುತ್ತವೆ. ಹೀಗಿರುವಾಗ ಎರಡು ಪ್ರಶ್ನೆಗಳು ಏಳುತ್ತವೆ. ತಲೆತಲಾಂತರದಿಂದ ನಡೆದು ಬಂದ ರೂಢಿಯು ಅಪಾಯಕರವೇ? ಅಪಾಯಕರವಾಗಿದ್ದರೆ ಅದು ಇಷ್ಟು ಕಾಲ ಉಳಿದುದಕ್ಕೆ ಕಾರಣವೇನು? ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳಿ ಎರಡನೆಯದನ್ನು ಬಿಟ್ಟರೆ ನಮ್ಮ ಸಲಹೆಯನ್ನು ಕುರಿಗಾರನು ಕೇಳಿಸಿಕೊಳ್ಳಲಾರನು. ಕೇಳಿಸಿಕೊಂಡರೂ ಅದರಿಂದ ಅವನ ನಾಯಿಗೆ ಪೂರ್ತಿ ಹಿತವಾಗದು. ಆದುದರಿಂದ ಎರಡನ್ನೂ ಒಟ್ಟಿಗೆ ಪರಿಶೀಲಿಸುತ್ತೇವೆ.

ಎಲುಬಿನ ರಚನೆ

ಎಲುಬು ಎರಡು ದ್ರವ್ಯಗಳ ಹೆಣಿಗೆ. ಒಣಗಿದ ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಇದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ರಂಜಕಗಳು ಕೂಡಿದ ಲವಣ. ಉಳಿದ ಒಂದು ಪಾಲು ಪ್ರಾಣಿಜನ್ಯ ದ್ರವ್ಯ. ಇದರಲ್ಲಿ ಹೆಚ್ಚಿನದು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು. ಖನಿಜವು ಎಲುಬಿಗೆ ಗಡಸುತನವನ್ನು ಕೊಟ್ಟರೆ ನಾರು ಬಾಗುವ ಗುಣವನ್ನು ಕೊಡುತ್ತದೆ. ಎಲುಬನ್ನು ದುರ್ಬಲ ಆಮ್ಲದಲ್ಲಿ ನೆನೆಹಾಕಿ ಖನಿಜವನ್ನು ಕರಗಿಸಿದರೆ ಅದು ತೊಗಲಿನಂತೆ ಬಾಗುತ್ತದೆ. ಬೆಂಕಿಯಲ್ಲಿ ಸುಟ್ಟು ನಾರನ್ನು ಕಳೆದರೆ ಆಕಾರ ಉಳಿದರೂ ಬೆರಳಿನ ಒತ್ತಡಕ್ಕೆ ಪುಡಿಯಾಗುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿಯೂ ಇದನ್ನು ಮಾಡಿ ನೋಡಬಹುದು.

ಅಡುಗೆಯ ಪಾತ್ರೆಯಲ್ಲಿ ನಡೆಯುವುದು ಈ ಎರಡನೆಯ ಕ್ರಿಯೆಯ ಒಂದು ಅಂಶ. ಎಲುಬನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದಾಗ ಕೊಲಾಜೆನ್ ಜೆಲಾಟಿನ್ ಆಗಿ ಸಾರಿನೊಳಗೆ ಇಳಿಯುತ್ತದೆ. ಕಾಲಿನ ಸಾರು ಆರಿದ ಮೇಲೆ ಗಟ್ಟಿಯಾಗಿ ತಳತಳಿಸುವುದು ಈ ಜೆಲಾಟಿನ್ನಿನಿಂದಲೇ. ಕೆಂಡದ ಮೇಲೆ ಸುಟ್ಟಾಗಲೂ, ಎಣ್ಣೆಯಲ್ಲಿ ಕರಿದಾಗಲೂ ಎಲುಬು ತನ್ನ ತೇವವನ್ನು ಕಳೆದುಕೊಂಡು ಪೆಡಸಾಗುತ್ತದೆ. ಹಸಿಯ ಎಲುಬನ್ನು ಕಡಿದರೆ ಅದು ನಲುಗಿ ಜಜ್ಜಿಹೋಗುತ್ತದೆ. ಬೆಂದ ಎಲುಬನ್ನು ಕಡಿದರೆ ಉದ್ದಕ್ಕೆ ಸೀಳಿ, ಮೊನಚಾದ ಸಿಬಿರುಗಳಾಗುತ್ತದೆ. ನಾಯಿಗೆ ಎಲುಬಿನಿಂದ ಒದಗುವ ಅಪಾಯಗಳಲ್ಲಿ ಬಹುಪಾಲು ಈ ಒಂದು ಭೇದದಿಂದ ಹುಟ್ಟುತ್ತವೆ.

ಸಾರಿಗೆ ಇಳಿದ ಸತ್ತ್ವದಿಂದಲೇ ನಾಯಿ ಬದುಕಬಲ್ಲದೇ ಎಂಬ ಪ್ರಶ್ನೆಯೂ ಹಳೆಯದು. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಬಡವರಿಗೆ ಎಲುಬಿನ ಜೆಲಾಟಿನ್ನನ್ನು ಮಾಂಸದ ಬದಲು ಕೊಡಬಹುದೇ ಎಂದು ತಿಳಿಯಲು ಫ್ರೆಂಚ್ ವಿಜ್ಞಾನ ಅಕಾಡೆಮಿಯು ನೇಮಿಸಿದ ಸಮಿತಿಯ ಪರವಾಗಿ ಶರೀರಕ್ರಿಯಾವಿಜ್ಞಾನಿ ಮಾಜಂದಿ 1841ರಲ್ಲಿ ವರದಿಯನ್ನು ಒಪ್ಪಿಸಿದನು. ಜೆಲಾಟಿನ್ ಒಂದನ್ನೇ ಆಹಾರವಾಗಿ ಪಡೆದ ನಾಯಿಗಳು ಬದುಕಲಿಲ್ಲವೆಂಬುದು ಅದರ ಮುಖ್ಯ ನಿರ್ಣಯಗಳಲ್ಲಿ ಒಂದು. ಕುದಿಸಿದ ಎಲುಬಾಗಲಿ ಅದರ ಸಾರಾಗಲಿ ನಾಯಿಗೆ ಪೂರ್ಣಾಹಾರವಲ್ಲವೆಂದು ಆಗಲೇ ತಿಳಿದಿದ್ದಿತು.

ಬಾಯಿಂದ ಗುದದವರೆಗೆ

ಎಲುಬಿನ ಹಾದಿಯನ್ನು ಅನುಸರಿಸಿ ನಡೆದರೆ ಅಪಾಯದ ಸ್ಥಾನಗಳು ಒಂದೊಂದಾಗಿ ಸ್ಪಷ್ಟವಾಗುತ್ತವೆ.

ಮೊದಲನೆಯದು ಹಲ್ಲು. ನಾಯಿಯ ಮೇಲಿನ ದವಡೆಯ ನಾಲ್ಕನೆಯ ಮುಂದವಡೆ ಹಲ್ಲು ಕತ್ತರಿಯಂತೆ ಕೆಲಸ ಮಾಡುವ ದೊಡ್ಡ ಹಲ್ಲು. ಗಡಸು ಎಲುಬನ್ನು ನಾಯಿ ಕಡಿಯುವುದು ಇದರಿಂದಲೇ. ಆದರೆ ನಾಯಿಯ ಹಲ್ಲಿನ ಹೊರಗವಚ ತೀರ ತೆಳು, ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಮನುಷ್ಯನದು ಎರಡು ಮಿಲಿಮೀಟರನ್ನೂ ದಾಟುವುದುಂಟು. ಎತ್ತು ಎಮ್ಮೆಗಳ ತೊಡೆಯೆಲುಬಿನಂಥ ಗಡಸು ವಸ್ತುವನ್ನು ಪೂರ್ಣ ಬಲದಿಂದ ಕಡಿದಾಗ ಈ ಹಲ್ಲಿನ ಹೊರಮೈ ಹಲಗೆಯಂತೆ ಸಿಡಿದು ಒಳಗಿನ ತಿರುಳು ಹೊರಬೀಳುತ್ತದೆ. ಆಮೇಲೆ ಬೇರಿನ ಬುಡದಲ್ಲಿ ಕೀವು ಕಟ್ಟಿ, ಕಣ್ಣಿನ ಕೆಳಗೆ ಬಾವು ಏಳುವುದುಂಟು. ಮಾಲೀಕನು ಅದನ್ನು ಮುಳ್ಳು ಚುಚ್ಚಿದ ಗಾಯವೆಂದೇ ಭಾವಿಸುವನು. ಒಣ ಎಲುಬನ್ನು ಕಡಿಯುವ ನಾಯಿ ತನ್ನ ವಸಡಿನಿಂದ ಸುರಿದ ರಕ್ತವನ್ನೇ ಎಲುಬಿನ ರುಚಿಯೆಂದು ಚಪ್ಪರಿಸುತ್ತದೆಯೆಂಬ ದೃಷ್ಟಾಂತವನ್ನು ನಮ್ಮ ಹಿರಿಯರು ವಿಷಯಸುಖದ ಬಗೆಗೆ ಹೇಳುತ್ತ ಬಂದಿದ್ದಾರೆ. ಅವರು ಕಂಡದ್ದು ನಿಜವಾದ ಗಾಯವನ್ನೇ.

ಎರಡನೆಯದು ಬಾಯಿ. ಅಡ್ಡ ಕತ್ತರಿಸಿದ ನಳಿಗೆಯೆಲುಬಿನ ಬಳೆ ಕೆಳದವಡೆಯ ಕೋರೆಹಲ್ಲುಗಳ ಹಿಂದಕ್ಕೆ ಜಾರಿ ಸಿಕ್ಕಿಕೊಳ್ಳುವುದುಂಟು. ಪಕ್ಕೆಲುಬಿನ ತುಂಡು ಎರಡೂ ಕಡೆಯ ದವಡೆಹಲ್ಲುಗಳ ನಡುವೆ ಅಂಗುಳಿಗೆ ಅಡ್ಡಲಾಗಿ ಕೂರುವುದುಂಟು. ನಾಯಿ ಮುಂಗಾಲಿನಿಂದ ಮೂತಿಯನ್ನು ಉಜ್ಜುತ್ತ, ಜೊಲ್ಲು ಸುರಿಸುತ್ತ ಓಡಾಡುತ್ತದೆ. ಇಂಥ ಚಿಹ್ನೆಗಳನ್ನು ಕಂಡು ನಾಯಿಗೆ ಹುಚ್ಚು ಹಿಡಿದಿದೆಯೆಂದು ಜನರು ಹೊಡೆದುಹಾಕುವ ಭಯವಿದೆ. ಅದೇ ರೀತಿ, ನಿಜವಾಗಿ ಹುಚ್ಚು ಹಿಡಿದ ನಾಯಿಯ ಬಾಯಿಗೆ ಎಲುಬು ಸಿಕ್ಕಿದೆಯೆಂದು ಭಾವಿಸಿ ಕೈಹಾಕುವವರೂ ಉಂಟು. ಈ ಎರಡನೆಯ ತಪ್ಪು ಮನುಷ್ಯನ ಪ್ರಾಣಕ್ಕೇ ಎರವಾಗುವಂಥದು. ಜೊಲ್ಲು ಸುರಿಸುವ, ನುಂಗಲಾರದ ನಾಯಿಯ ಬಾಯಿಗೆ ಬರಿಗೈ ಹಾಕಲೇಬಾರದು.

ಮೂರನೆಯದೂ ಅತ್ಯಂತ ಭಯಂಕರವೂ ಆದುದು ಅನ್ನನಾಳ. ನಾಯಿಯು ಅಗಿದು ತಿನ್ನುವ ಪ್ರಾಣಿಯಲ್ಲ, ನುಂಗುವ ಪ್ರಾಣಿ. ಪಕ್ಕದಲ್ಲಿ ಇನ್ನೊಂದು ನಾಯಿ ಇದ್ದರಂತೂ ಎಲುಬನ್ನು ಇಡಿಯಾಗಿಯೇ ನುಂಗುತ್ತದೆ. ಅನ್ನನಾಳವು ಮೂರು ಕಡೆ ಹಿಗ್ಗಲು ಎಡೆಯಿಲ್ಲದೆ ಇಕ್ಕಟ್ಟಾಗಿದೆ: ಎದೆಗೂಡನ್ನು ಪ್ರವೇಶಿಸುವಲ್ಲಿ, ಹೃದಯದ ಬುಡದ ಬಳಿ ಮತ್ತು ವಪೆಯನ್ನು ದಾಟುವ ಮುನ್ನ. ಎಲುಬಿನ ತುಂಡು ನಿಲ್ಲುವುದು ಸಾಮಾನ್ಯವಾಗಿ ಇಲ್ಲಿಯೇ. ನಿಂತ ತುಂಡಿನ ಸುತ್ತ ಅನ್ನನಾಳದ ಗೋಡೆ ಬಿಗಿದು ಹಿಡಿಯುತ್ತದೆ. ಒತ್ತಿದ ಕಡೆ ರಕ್ತ ಹರಿಯದೆ ಅಂಗಾಂಶ ಸಾಯುತ್ತದೆ. ಕಡೆಗೆ ರಂಧ್ರ ಬಿದ್ದು ಎದೆಗೂಡಿನೊಳಗೆ ಕೀವಾಗುತ್ತದೆ. ಕಾಲವಿಳಂಬವೇ ಇಲ್ಲಿ ಮುಖ್ಯ ಶತ್ರು. ಮೊದಲ ದಿನವೇ ಬಂದ ನಾಯಿಯನ್ನು ಸಾಮಾನ್ಯವಾಗಿ ಉಳಿಸಬಹುದು. ದಿನಗಳು ಕಳೆದಂತೆಲ್ಲ ಉಳಿಸುವುದು ಕಷ್ಟವಾಗುತ್ತದೆ. ಸಣ್ಣ ಜಾತಿಯ ನಾಯಿಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ.

ಜಠರವನ್ನು ಮುಟ್ಟಿದ ಎಲುಬಿನ ಗತಿ ಬೇರೆ. ರಷ್ಯದ ಪಾವ್ಲೋವ್, 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು, ನಾಯಿಗಳ ಜಠರರಸವನ್ನು ಶುದ್ಧರೂಪದಲ್ಲಿ ಸಂಗ್ರಹಿಸಿ ಪರೀಕ್ಷಿಸಿದನು. ಅದರಲ್ಲಿ ಸುಮಾರು 0.5 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಈ ಆಮ್ಲವು ಎಲುಬಿನ ಖನಿಜವನ್ನು ಕರಗಿಸಬಲ್ಲದು. ಸಣ್ಣದಾಗಿ ಜಜ್ಜಿದ ಎಲುಬು ಜಠರದಲ್ಲಿ ಕರಗಿಹೋಗುತ್ತದೆಯೆಂಬ ಜನರ ನಂಬಿಕೆ ಸುಳ್ಳಲ್ಲ. ಅನ್ನನಾಳದಲ್ಲಿ ಸಿಕ್ಕಿದ ಎಲುಬನ್ನು ವೈದ್ಯರು ಕೆಲವೊಮ್ಮೆ ಮೇಲಕ್ಕೆ ತೆಗೆಯದೆ ಕೆಳಕ್ಕೆ ಜಠರದೊಳಗೆ ತಳ್ಳಿಬಿಡುವುದೂ ಈ ಕಾರಣದಿಂದಲೇ. ಆದರೆ ಕರಗಲು ಕಾಲ ಬೇಕು. ಚೂಪಾದ ಸಿಬಿರು ಅಷ್ಟರಲ್ಲಿ ಮುಂದಕ್ಕೆ ಸರಿದು ಕರುಳನ್ನು ಚುಚ್ಚಿದರೆ ಉದರದ ಪೊರೆಗೆ ನಂಜೇರಿ ನಾಯಿ ಸಾಯುತ್ತದೆ.

ಕೊನೆಯದು ದೊಡ್ಡ ಕರುಳು. ಒಂದೇ ದಿನ ಅತಿಯಾಗಿ ಎಲುಬು ತಿಂದ ನಾಯಿಯಲ್ಲಿ ಕರಗದ ಸುಣ್ಣಾಂಶವು ಗಾರೆಯಂತೆ ಗಟ್ಟಿಯಾಗಿ ನಿಲ್ಲುತ್ತದೆ. ನಾಯಿ ಮುಕ್ಕುರಿಯುತ್ತದೆ, ಬಿಳಿಯ, ಪುಡಿಪುಡಿಯಾದ ಮಲ ಬೀಳುತ್ತದೆ, ಇಲ್ಲವೆ ಏನೂ ಬೀಳುವುದಿಲ್ಲ. ಊರಮ್ಮನ ಜಾತ್ರೆ, ಬಕ್ರೀದ್, ಮದುವೆಯ ಊಟಗಳು ಮುಗಿದ ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುವ ತೊಂದರೆ ಇದು.

ಯಾವ ಪ್ರಾಣಿಯ ಎಲುಬು?

ಎಲ್ಲ ಎಲುಬುಗಳೂ ಸಮನಲ್ಲ. ಕೋಳಿಯ ಎಲುಬಿನ ಗೋಡೆ ತೆಳುವು. ಹಕ್ಕಿಗಳ ರೆಕ್ಕೆಯೆಲುಬಿನಂಥ ಕೆಲವು ಎಲುಬುಗಳು ಮಜ್ಜೆಯ ಬದಲು ಗಾಳಿಯಿಂದ ತುಂಬಿರುತ್ತವೆ. ಬೆಂದ ಮೇಲೆ ಇವು ಉದ್ದಕ್ಕೆ ಸೀಳುತ್ತವೆ. ಹಳ್ಳಿಗಳಲ್ಲಿಯೂ ಈಗ ಕೋಳಿಯ ಮಾಂಸದ ಬಳಕೆ ಹೆಚ್ಚಾಗಿರುವುದರಿಂದ, ಹಿಂದೆ ಹಬ್ಬಕ್ಕೊಮ್ಮೆ ಕುರಿಯ ಎಲುಬು ಕಂಡ ನಾಯಿ ಈಗ ವಾರವಾರವೂ ಬೆಂದ ಕೋಳಿಯ ಎಲುಬನ್ನು ಕಾಣುತ್ತದೆ. ರೂಢಿಯ ಹೆಸರು ಅದೇ ಆಗಿದ್ದರೂ ವಸ್ತು ಬದಲಾಗಿದೆಯೆಂಬುದನ್ನು ಇಲ್ಲಿ ಗಮನಿಸಬೇಕು. ಹಿರಿಯರ ಕಾಲದಲ್ಲಿ ಆಗದ ತೊಂದರೆ ಈಗೇಕೆ ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇದೇ.

ಕುರಿ ಆಡುಗಳ ಪಕ್ಕೆಲುಬು ಬೆಂದಾಗ ಸಿಬಿರೊಡೆಯುತ್ತದೆ. ಬೆನ್ನುಮೂಳೆಯ ಗಿಣ್ಣುಗಳು ಮೂಲೆಮೂಲೆಯಾಗಿರುವುದರಿಂದ ಅನ್ನನಾಳದಲ್ಲಿ ಕಚ್ಚಿಕೊಳ್ಳುತ್ತವೆ. ಮೀನಿನ ಮುಳ್ಳು ಗಂಟಲಿಗೆ ಚುಚ್ಚುತ್ತದೆ.

ಇದಲ್ಲದೆ ತಟ್ಟೆಯಿಂದ ಬಂದ ಎಲುಬಿಗೆ ಸಾರಿನ ಮಸಾಲೆ ಅಂಟಿರುತ್ತದೆ. ಅದರಲ್ಲಿಯ ಉಳ್ಳಾಗಡ್ಡಿ ಬಳ್ಳೊಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯಬಲ್ಲ ದ್ರವ್ಯಗಳನ್ನು ಒಳಗೊಂಡಿವೆ. ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ಎಣ್ಣೆ ಕೊಬ್ಬುಗಳು ಒಮ್ಮೆಗೇ ಹೆಚ್ಚಾಗಿ ಹೊಟ್ಟೆಗೆ ಬಿದ್ದರೆ ಮೇದೋಜೀರಕಾಂಗವು ಕೆರಳುವುದುಂಟು.

ಕುಕ್ಕರಿನಲ್ಲಿ ಬಹಳ ಹೊತ್ತು ಬೇಯಿಸಿ ಬೆರಳಲ್ಲಿ ಹಿಸುಕಿದರೆ ಹಿಟ್ಟಾಗುವಷ್ಟು ಮೆತ್ತಗೆ ಮಾಡಿದ ಸಣ್ಣ ಎಲುಬಿನಲ್ಲಿ ಸಿಬಿರಿನ ಭಯ ಕಡಿಮೆ. ಆದರೆ ಮಲಬದ್ಧತೆಯ ಭಯ ಹಾಗೆಯೇ ಉಳಿಯುತ್ತದೆ. ನಗರದ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ಮಾರುವ, ಹೊಗೆಗೆ ಇಟ್ಟು ಒಣಗಿಸಿದ ಎಲುಬುಗಳೂ ನಿರಪಾಯವಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂಥ ತಿನಿಸುಗಳಿಂದ ನಾಯಿಗಳು ಕೆಟ್ಟ ಬಗೆಗೆ ತನಗೆ ಬಂದ ಸುಮಾರು 68 ದೂರುಗಳನ್ನು 2017ರಲ್ಲಿ ಪ್ರಕಟಿಸಿ, ಜನರನ್ನು ಎಚ್ಚರಿಸಿತು. ಅವುಗಳಲ್ಲಿ 15 ನಾಯಿಗಳ ಸಾವಿನ ವರದಿಯೂ ಇದ್ದಿತು.

ಹಸಿಯ ಎಲುಬು ನಿರಪಾಯವೇ?

ಬೆಂದ ಎಲುಬು ಅಪಾಯವೆಂದ ಮೇಲೆ ಹಸಿಯದು ಕ್ಷೇಮವೆಂದು ಹೇಳಿಬಿಡುವುದು ಸುಲಭ. ಈಚೆಗೆ ನಗರವಾಸಿಗಳಲ್ಲಿ ಈ ಮತ ಬಲವಾಗಿದೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹಸಿಯ ಎಲುಬು ಸಿಬಿರೊಡೆಯುವುದು ಕಡಿಮೆ. ಅದನ್ನು ಕಡಿಯುವುದರಿಂದ ಹಲ್ಲಿಗೆ ಕಟ್ಟಿದ ಪಾಚಿಗಲ್ಲು ಉದುರುತ್ತದೆಂಬುದು ಬೀಗಲ್ ನಾಯಿಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಿಂದ ಸಿದ್ಧವಾಗಿದೆ.

ಆದರೆ ಪಾಚಿಗಲ್ಲು ಹೋದ ಮಾತ್ರಕ್ಕೆ ಹಲ್ಲು ಕ್ಷೇಮವಾಗಿದೆಯೆಂದು ಅರ್ಥವಲ್ಲ. ಬೇಟೆಯಾಡಿ ಹಸಿಯ ಎಲುಬನ್ನೇ ತಿನ್ನುವ ಆಫ್ರಿಕದ ಕಾಡುನಾಯಿಗಳ 29 ತಲೆಬುರುಡೆಗಳನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸುಮಾರು ಅರ್ಧದಷ್ಟು ಬುರುಡೆಗಳಲ್ಲಿ ಮುರಿದ ಹಲ್ಲುಗಳೂ, ಐದರಲ್ಲಿ ಎರಡರಷ್ಟರಲ್ಲಿ ವಸಡಿನ ಬೇನೆಯ ಗುರುತುಗಳೂ ಕಂಡವು. ಪ್ರಕೃತಿಯೇ ವಿಧಿಸಿದ ಆಹಾರವಾದ್ದರಿಂದ ಹಾನಿಯಿಲ್ಲವೆಂಬ ವಾದ ಇದರಿಂದ ಸಡಿಲವಾಗುತ್ತದೆ. ಕಾಡಿನ ಪ್ರಾಣಿಯು ಅಪಾಯವನ್ನು ಸಹಿಸಿಕೊಂಡು ಬದುಕುತ್ತದೆ, ಇಲ್ಲವೆ ಸಾಯುತ್ತದೆ. ಸತ್ತುದನ್ನು ನಾವು ನೋಡುವುದಿಲ್ಲ.

ಹಸಿಯ ಎಲುಬಿನ ಇನ್ನೊಂದು ತೊಡಕು ಸೂಕ್ಷ್ಮಜೀವಿಗಳದು. ಅಂಗಡಿಯ ಹಸಿಮಾಂಸದಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ಮೊದಲಾದವು ಇರುತ್ತವೆ. ನಾಯಿ ಅವುಗಳಿಂದ ತಾನು ಕೆಡದೆಯೂ ಮಲದ ಮೂಲಕ ಹರಡಬಲ್ಲದು. ಅಂಗಳದಲ್ಲಿ ನಾಯಿಯೊಡನೆ ಆಡುವ ಮಕ್ಕಳಿಗೆ ಇದರಿಂದ ಭೇದಿಯಾಗಬಹುದು. ಇನ್ನು, ಕಾರಣ ತಿಳಿಯದೆ ಹಠಾತ್ತಾಗಿ ಸತ್ತ ಕುರಿಯ ಎಲುಬನ್ನಾಗಲಿ ಮಾಂಸವನ್ನಾಗಲಿ ನಾಯಿಗೆ ಹಾಕಲೇಕೂಡದು. ನೆರಡಿ ರೋಗದಿಂದ ಸತ್ತ ಕುರಿಯ ಹೆಣವನ್ನು ಕೊಯ್ಯುವುದೇ ಅಪಾಯ. ಗಾಳಿಗೆ ತೆರೆದ ರಕ್ತದಲ್ಲಿ ರೋಗಾಣುಗಳು ಬೀಜಕಗಳಾಗಿ ಮಣ್ಣಿನಲ್ಲಿ ಹಲವಾರು ವರ್ಷ ಬದುಕುತ್ತವೆ. ನಾಯಿಗೆ ಈ ರೋಗ ತಗಲುವುದು ಕುರಿಗಿಂತ ಕಡಿಮೆ. ಆದರೆ ಅದು ಎಳೆದಾಡಿದ ತುಂಡುಗಳು ರೋಗವನ್ನು ಹೊಲದಿಂದ ಹೊಲಕ್ಕೆ ಕೊಂಡೊಯ್ಯಬಲ್ಲವು.

ಕುರಿಯ ತಲೆ ಮತ್ತು ಒಳಾಂಗಗಳು

ಹಟ್ಟಿಯ ನಾಯಿಯ ವಿಷಯದಲ್ಲಿ ಎಲುಬಿಗಿಂತಲೂ ಎಲುಬಿನ ಜೊತೆಗೆ ಹೋಗುವ ವಸ್ತುಗಳು ಹೆಚ್ಚಿನ ಕೇಡನ್ನು ಮಾಡುತ್ತವೆ. ಕುರಿ ಕೊಯ್ದಲ್ಲಿ ನಾಯಿಗೆ ಸಿಗುವುದು ಬರಿಯ ಎಲುಬಲ್ಲ; ಒಡೆದ ತಲೆ, ಕೆಟ್ಟುದೆಂದು ತೆಗೆದೆಸೆದ ಪಿತ್ತಕೋಶ, ಶ್ವಾಸಕೋಶ.

ಕುರಿಯೊಂದು ಗುಂಪನ್ನು ಬಿಟ್ಟು, ತಲೆಯನ್ನು ಒಂದು ಕಡೆಗೆ ವಾಲಿಸಿ, ಸುತ್ತುತ್ತಲೇ ಇರುವುದನ್ನು ಕುರಿಗಾರರೆಲ್ಲರೂ ಕಂಡಿರುತ್ತಾರೆ. ಅದರ ಮಿದುಳಿನಲ್ಲಿ ನೀರು ತುಂಬಿದ ಚೀಲವೊಂದು ಬೆಳೆದಿರುತ್ತದೆ. ಇದು ನಾಯಿಯ ಕರುಳಿನಲ್ಲಿ ವಾಸಿಸುವ ಲಾಡಿಹುಳುವಿನ ಮರಿಯ ಅವಸ್ಥೆ. ಕುರಿಯು ಬದುಕಲಾರದೆಂದು ತಿಳಿದು ಅದನ್ನು ಕೊಯ್ಯುತ್ತಾರೆ. ಮಾಂಸವನ್ನು ಉಳಿಸಿಕೊಂಡು ತಲೆಯನ್ನು ನಾಯಿಗೆ ಹಾಕುತ್ತಾರೆ. ನಾಯಿ ಆ ಚೀಲವನ್ನು ತಿನ್ನುತ್ತದೆ. ಚೀಲದೊಳಗಿನ ಒಂದೊಂದು ತಲೆಯೂ ನಾಯಿಯ ಕರುಳಿನಲ್ಲಿ ಒಂದೊಂದು ಹುಳುವಾಗಬಲ್ಲದು. ಹುಳುವಿನ ಮೊಟ್ಟೆಗಳು ಮಲದೊಡನೆ ಹುಲ್ಲಿನ ಮೇಲೆ ಬೀಳುತ್ತವೆ. ಮತ್ತೆ ಕುರಿಗಳು ಮೇಯುತ್ತವೆ. ಹೀಗೆ ಒಂದು ಕುರಿಯ ತಲೆಯಿಂದ ಹಟ್ಟಿಯ ಹಲವು ಕುರಿಗಳಿಗೆ ರೋಗ ಹರಡುವುದು, ಅದೂ ಕುರಿಗಾರನ ಕೈಯಿಂದಲೇ.

ಇದಕ್ಕಿಂತ ಘೋರವಾದುದು ಹೈಡಾಟಿಡ್ ರೋಗ. ಇದರ ಹುಳುವು ನಾಯಿಯ ಸಣ್ಣ ಕರುಳಿನಲ್ಲಿರುತ್ತದೆ. ಉದ್ದ ಕೇವಲ 3ರಿಂದ 6 ಮಿಲಿಮೀಟರು. ಸಾವಿರಗಟ್ಟಲೆ ಇದ್ದರೂ ನಾಯಿ ಆರೋಗ್ಯವಾಗಿಯೇ ಕಾಣುವುದು. ಮೊಟ್ಟೆಯು ಕುರಿಯ ಹೊಟ್ಟೆಗೆ ಹೋದರೆ ಪಿತ್ತಕೋಶ ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳಾಗುತ್ತವೆ. ಮನುಷ್ಯನ ಹೊಟ್ಟೆಗೆ ಹೋದರೂ ಹಾಗೆಯೇ. ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕಡೆಗೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಬೇಡುತ್ತದೆ. ಒಳಗೇ ಒಡೆದರೆ ಪ್ರಾಣಾಪಾಯ. ನಾಯಿಯ ಮೈಯನ್ನು ಸವರಿದ ಕೈಯಿಂದಲೇ ರೊಟ್ಟಿ ತಿನ್ನುವ ಮಗುವಿಗೆ ಈ ಮೊಟ್ಟೆ ತಲುಪುವುದು ಕಷ್ಟವಲ್ಲ. ನಾಯಿಗೆ ರೋಗ ಬರುವ ಹಾದಿ ಒಂದೇ: ಗುಳ್ಳೆಯಿದ್ದ ಹಸಿಯ ಒಳಾಂಗವನ್ನು ತಿನ್ನುವುದು.

ಈ ಸರಪಳಿಯನ್ನು ಕತ್ತರಿಸಲು ಸಾಧ್ಯವೆಂಬುದಕ್ಕೆ ಐಸ್‌ಲ್ಯಾಂಡ್ ದ್ವೀಪದ ಉದಾಹರಣೆ ಪ್ರಸಿದ್ಧವಾಗಿದೆ. ಕುರಿಸಾಕಣೆಯೇ ಜೀವನವಾಗಿದ್ದ ಆ ನಾಡು ಒಂದು ಕಾಲಕ್ಕೆ ಹೈಡಾಟಿಡ್ ರೋಗದಿಂದ ಬಹಳ ಬಾಧೆಪಟ್ಟಿತ್ತು. 1860ರ ದಶಕದಲ್ಲಿ ಹರಾಲ್ಡ್ ಕ್ರಾಬ್ಬೆ ಎಂಬ ವಿದ್ವಾಂಸನು ಅಲ್ಲಿಯ ನಾಯಿಗಳನ್ನು ಪರೀಕ್ಷಿಸಿ, ಒಳಾಂಗಗಳನ್ನು ನಾಯಿಗೆ ಹಾಕದೆ ಹೂಳಬೇಕೆಂದು ತಿಳಿಸುವ ಕಿರುಹೊತ್ತಿಗೆಯನ್ನು ಬರೆದನು. ಅದನ್ನು ಮನೆಮನೆಗೂ ಹಂಚಲಾಯಿತು. ಓದುಬರಹ ಬಲ್ಲ ಆ ಜನರು ಅದನ್ನು ಅನುಸರಿಸಿದರು, ಕಾಯಿದೆಗಳೂ ಬಂದವು. ಮುಂದಿನ ತಲೆಮಾರುಗಳಲ್ಲಿ ರೋಗವು ಅಲ್ಲಿಂದ ಅಳಿದುಹೋಯಿತು. ಪರಿಣಾಮಕಾರಿಯಾದ ಔಷಧವು ಆಗಿನ್ನೂ ದೊರಕಿರಲಿಲ್ಲವೆಂಬುದು ನೆನಪಿಡತಕ್ಕ ಸಂಗತಿ. ಈಗ ಪ್ರಾಜಿಕ್ವಾಂಟೆಲ್ ಎಂಬ ಸುಲಭ ಔಷಧವಿದೆ. ನಾಯಿಯ ಹೊಟ್ಟೆಗೆ ಹೋದ ಹುಳು ಮೊಟ್ಟೆಯಿಡಲು ಸುಮಾರು ಆರು ವಾರಗಳು ಬೇಕಾಗುವುದರಿಂದ, ರೋಗವಿರುವ ಕಡೆ ಆರು ವಾರಗಳಿಗೊಮ್ಮೆ ಈ ಔಷಧವನ್ನು ಕೊಟ್ಟರೆ ಮೊಟ್ಟೆಗಳು ಹೊರಬೀಳುವುದೇ ನಿಲ್ಲುತ್ತದೆ.

ಎಲುಬಿನ ಗುಣ

ಇಷ್ಟು ದೋಷಗಳಿದ್ದರೂ ರೂಢಿಯು ಉಳಿದಿರುವುದೇಕೆ? ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಲೆಕ್ಕವನ್ನು ನೋಡಬಹುದು.

ನಾಯಿಯು ತೋಳನಿಂದ ಬೇರ್ಪಟ್ಟು ಮನುಷ್ಯನ ಬಳಿ ಬಾಳಿದ ಸಾವಿರಾರು ವರ್ಷಗಳಲ್ಲಿ ಪಿಷ್ಟವನ್ನು ಜೀರ್ಣಿಸುವ ಶಕ್ತಿಯನ್ನು ಪಡೆದಿದೆ. ಪಿಷ್ಟವನ್ನು ಒಡೆಯುವ ಕಿಣ್ವದ ವಂಶವಾಹಿಯು ತೋಳನಲ್ಲಿ ಎರಡು ಪ್ರತಿಗಳಷ್ಟೇ ಇದ್ದರೆ ನಾಯಿಯಲ್ಲಿ ಅದು ಅನೇಕ ಪಟ್ಟು ಹೆಚ್ಚಿರುವುದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದಿದೆ. ಆದ್ದರಿಂದ ರೊಟ್ಟಿ ತಿಂದು ನಾಯಿ ಬದುಕುವುದರಲ್ಲಿ ಅಸಹಜವೇನೂ ಇಲ್ಲ. ಮುಧೋಳದ ಬೇಟೆನಾಯಿಯನ್ನು ಕೂಡ ಹಳ್ಳಿಗರು ಬಹುಮಟ್ಟಿಗೆ ಜೋಳ, ಮೆಕ್ಕೆಜೋಳ, ಹಾಲುಗಳಿಂದಲೇ ಸಾಕುತ್ತ ಬಂದಿದ್ದಾರೆ.

ಆದರೆ ಜೋಳಕ್ಕೆ ಒಂದು ಕೊರತೆಯಿದೆ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 25 ಮಿಲಿಗ್ರಾಂ, ರಂಜಕ ಸುಮಾರು 222 ಮಿಲಿಗ್ರಾಂ. 20 ಕಿಲೋಗ್ರಾಂ ತೂಗುವ ಹಟ್ಟಿಯ ನಾಯಿಗೆ ದಿನಕ್ಕೆ 300 ಗ್ರಾಂ ಹಿಟ್ಟಿನ ರೊಟ್ಟಿ ಹಾಕಿದರೆ ಅದರಿಂದ ದೊರೆಯುವ ಕ್ಯಾಲ್ಸಿಯಂ 75 ಮಿಲಿಗ್ರಾಂ ಮಾತ್ರ. ಆ ನಾಯಿಗೆ ಬೇಕಾದುದು ದಿನಕ್ಕೆ 1 ಗ್ರಾಮಿಗೂ ತುಸು ಹೆಚ್ಚು, ಎಂದರೆ ರೊಟ್ಟಿಯಲ್ಲಿರುವುದರ ಹದಿನೈದು ಪಟ್ಟು. ನೀರು ಬೆರೆತ ಮಜ್ಜಿಗೆಯನ್ನು ಅರ್ಧ ಲೀಟರು ಹಾಕಿದರೂ ಈ ಕೊರತೆಯ ಸ್ವಲ್ಪ ಭಾಗವಷ್ಟೇ ತುಂಬುವುದು. ಮಾಂಸದ ತುಂಡುಗಳಿಂದ ಪ್ರಯೋಜನವಿಲ್ಲ; ಅವುಗಳಲ್ಲಿಯೂ ರಂಜಕವೇ ಹೆಚ್ಚು. ಆಹಾರದಲ್ಲಿ ರಂಜಕ ಮಿತಿಮೀರಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹವು ತನ್ನ ಎಲುಬನ್ನೇ ಕರಗಿಸಿ ರಕ್ತಕ್ಕೆ ಒದಗಿಸುತ್ತದೆ. ಬೆಳೆಯುವ ಮರಿಗಳಲ್ಲಿ ಕಾಲು ಸೊಟ್ಟಗಾಗುವುದು, ಸಣ್ಣ ಪೆಟ್ಟಿಗೇ ಮುರಿಯುವುದು ಇದರ ಫಲ.

ಒಣಗಿದ ಎಲುಬಿನ ತೂಕದ ಸುಮಾರು ಕಾಲುಭಾಗ ಕ್ಯಾಲ್ಸಿಯಂ. ಹಾಗಾದರೆ ಐದೇ ಗ್ರಾಂ ಎಲುಬು ಜೀರ್ಣವಾದರೆ ದಿನದ ಅಗತ್ಯ ಪೂರೈಸಿದಂತಾಯಿತು. ಜೋಳದ ಸೀಮೆಯ ನಾಯಿ ಎಲುಬನ್ನು ಹುಡುಕಿ ಅಲೆಯುವುದಕ್ಕೂ, ಎಲುಬು ಸಿಕ್ಕ ನಾಯಿ ಗಟ್ಟಿಯಾಗಿ ಬೆಳೆಯುತ್ತದೆಂದು ಕುರಿಗಾರನು ಹೇಳುವುದಕ್ಕೂ ಈ ಲೆಕ್ಕದಲ್ಲಿ ಆಧಾರವಿದೆ. ಆದುದರಿಂದ ಎಲುಬನ್ನು ನಿಲ್ಲಿಸಿರಿ ಎಂದಷ್ಟೇ ಹೇಳಿ ಸುಮ್ಮನಾಗುವ ಸಲಹೆ ಅರ್ಧ ಸಲಹೆ. ಎಲುಬಿನ ಸ್ಥಾನದಲ್ಲಿ ಇನ್ನೇನನ್ನು ಕೊಡಬೇಕೆಂಬುದನ್ನೂ ಹೇಳಬೇಕು.

ಬದಲಿಗೆ ಏನು?

ಕೋಳಿಮೊಟ್ಟೆಯ ಸಿಪ್ಪೆಯು ಎಲ್ಲ ಹಳ್ಳಿಗಳಲ್ಲಿಯೂ ಖರ್ಚಿಲ್ಲದೆ ಸಿಗುವ ವಸ್ತು. ಅದು ಬಹುತೇಕ ಶುದ್ಧ ಸುಣ್ಣದ ಲವಣ. 1 ಗ್ರಾಂ ಸಿಪ್ಪೆಯ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಸಿಪ್ಪೆಗಳನ್ನು ಹತ್ತು ನಿಮಿಷ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ನುಣ್ಣಗೆ ಪುಡಿಮಾಡಬೇಕು. ಮೇಲೆ ಹೇಳಿದ 20 ಕಿಲೋಗ್ರಾಂ ತೂಕದ ನಾಯಿಗೆ ದಿನಕ್ಕೆ ಸುಮಾರು 3 ಗ್ರಾಂ, ಎಂದರೆ ಚಹದ ಚಮಚೆಯ ಅರ್ಧದಷ್ಟು, ರೊಟ್ಟಿ ಮಜ್ಜಿಗೆಯಲ್ಲಿ ಕಲಸಿ ಹಾಕಿದರೆ ಸಾಕು. ಜೋಳದ ಜೊತೆಗೆ ರಾಗಿಯನ್ನು ಸೇರಿಸಿದರೂ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದನಕರುಗಳಿಗೆಂದು ಮಾರುವ ಖನಿಜಮಿಶ್ರಣವನ್ನು ಮಾತ್ರ ವೈದ್ಯರನ್ನು ಕೇಳದೆ ಹಾಕಬಾರದು. ಅದರ ಪ್ರಮಾಣ ನಾಯಿಗೆಂದು ಗೊತ್ತುಮಾಡಿದ್ದಲ್ಲ. ಮುಧೋಳದಂಥ ಎತ್ತರದ ಜಾತಿಯ ಮರಿಗಳಿಗೆ ಕ್ಯಾಲ್ಸಿಯಂ ಅತಿಯಾದರೂ ಎಲುಬಿನ ಬೆಳವಣಿಗೆ ಕೆಡುವುದರಿಂದ ಅವುಗಳ ವಿಷಯದಲ್ಲಿಯೂ ವೈದ್ಯರ ಸಲಹೆ ಬೇಕು.

ಎಲುಬಿನ ರುಚಿಯನ್ನು ನಾಯಿಗೆ ತಪ್ಪಿಸಬೇಕೆಂದೇನೂ ಇಲ್ಲ. ಮಸಾಲೆ, ಉಪ್ಪು, ಉಳ್ಳಾಗಡ್ಡಿ ಹಾಕುವ ಮೊದಲೇ ಕುದಿಸಿದ ನೀರನ್ನು ಸ್ವಲ್ಪ ಬಗ್ಗಿಸಿಟ್ಟು ರೊಟ್ಟಿಯ ಮೇಲೆ ಸುರಿಯಬಹುದು. ಕಡಿಯಲು ಏನಾದರೂ ಕೊಡಲೇಬೇಕೆಂದು ಬಯಸುವವರು, ಆರೋಗ್ಯವಾದ ಪ್ರಾಣಿಯ, ನಾಯಿಯ ಬಾಯಿಯಲ್ಲಿ ಇಡಿಯಾಗಿ ಹಿಡಿಸದಷ್ಟು ದೊಡ್ಡದಾದ ಹಸಿ ಕೀಲೆಲುಬನ್ನು, ಒಂಟಿಯಾಗಿರುವಾಗ, ತಾವು ಎದುರಿಗಿದ್ದು ಅರ್ಧ ಗಂಟೆ ಕೊಟ್ಟು, ಮತ್ತೆ ತೆಗೆದುಕೊಂಡುಬಿಡಬೇಕು. ಇದೂ ಪೂರ್ಣ ನಿರಪಾಯವಲ್ಲ. ಇತರ ವಿಧಾನಗಳಿಗಿಂತ ಕಡಿಮೆ ಅಪಾಯದ್ದು, ಅಷ್ಟೇ.

ಕೆಟ್ಟಾಗ ಮಾಡತಕ್ಕದ್ದು

ಎಲುಬು ತಿಂದ ನಾಯಿ ಕುತ್ತಿಗೆಯನ್ನು ಮುಂದಕ್ಕೆ ಚಾಚಿ ಜೊಲ್ಲು ಸುರಿಸಿದರೆ, ತಿಂದುದನ್ನೂ ಕುಡಿದ ನೀರನ್ನೂ ಕೂಡಲೇ ಹೊರಹಾಕಿದರೆ, ಬೆನ್ನು ಬಾಗಿಸಿ ಹೊಟ್ಟೆಯನ್ನು ಮುಟ್ಟಗೊಡದಿದ್ದರೆ, ಮಲದಲ್ಲಿ ರಕ್ತವಿದ್ದರೆ ಅಥವಾ ಮಲವು ಡಾಂಬರಿನಂತೆ ಕಪ್ಪಾಗಿದ್ದರೆ, ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಬೇಕು. ಹೋಗುವುದು ಕಷ್ಟವಾದಲ್ಲಿ ರಾಜ್ಯದ ಸಂಚಾರಿ ಪಶುಚಿಕಿತ್ಸಾ ಘಟಕಗಳನ್ನು 1962 ಎಂಬ ಸಂಖ್ಯೆಗೆ ಕರೆಮಾಡಿ ಕೇಳಬಹುದು. ಎಲುಬು ಎಕ್ಸ್-ರೇ ಚಿತ್ರದಲ್ಲಿ ಸಾಮಾನ್ಯವಾಗಿ ಕಾಣುವುದರಿಂದ ಸಿಕ್ಕಿದ ಸ್ಥಳವನ್ನು ಗುರುತಿಸುವುದು ಕಷ್ಟವಲ್ಲ.

ಮಾಡಬಾರದವುಗಳನ್ನೂ ಹೇಳಬೇಕು. ಸಿಕ್ಕಿದುದು ಕೆಳಗಿಳಿಯಲೆಂದು ಬಾಳೆಹಣ್ಣನ್ನೋ ರೊಟ್ಟಿಯ ಉಂಡೆಯನ್ನೋ ತುರುಕಿದರೆ ಅನ್ನನಾಳ ಇನ್ನಷ್ಟು ಬಿಗಿಯುತ್ತದೆ. ಎಣ್ಣೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಇಳಿದ ಸಿಬಿರು ಮತ್ತೆ ಮೇಲೇರುತ್ತ ಗಾಯಮಾಡುತ್ತದೆ; ಉಪ್ಪೇ ನಾಯಿಗೆ ವಿಷವಾಗುವುದೂ ಉಂಟು. ಗುದದಲ್ಲಿ ಕಾಣುವ ತುಂಡನ್ನು ಎಳೆಯಬಾರದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಬರುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ಬೆಂದ ಎಲುಬನ್ನು, ಅದರಲ್ಲಿಯೂ ಕೋಳಿಯದನ್ನು, ನಾಯಿಗೆ ಹಾಕಬಾರದು. ಹಸಿಯ ಎಲುಬಿನ ಅಪಾಯ ಕಡಿಮೆಯಾದರೂ ಇಲ್ಲವೆನ್ನುವಂತಿಲ್ಲ. ಕುರಿಯ ತಲೆ ಮತ್ತು ಒಳಾಂಗಗಳನ್ನು ಹಸಿಯಾಗಿ ಎಂದಿಗೂ ಹಾಕಬಾರದು. ಅವುಗಳನ್ನು ನಾಯಿ ಕೆದರಲಾರದಷ್ಟು ಆಳವಾಗಿ ಹೂಳಬೇಕು, ಇಲ್ಲವೆ ಸುಡಬೇಕು. ಎಲುಬನ್ನು ನಿಲ್ಲಿಸಿದ ಮನೆಯಲ್ಲಿ ನಾಯಿಗೆ ಸುಣ್ಣಾಂಶವನ್ನು ಬೇರೆ ಬಗೆಯಿಂದ ಒದಗಿಸಬೇಕು.

ಇವುಗಳಲ್ಲಿ ಒಂದನ್ನೇ ಮೊದಲು ಆರಿಸಿಕೊಳ್ಳಬೇಕಾಗಿ ಬಂದರೆ ನಾವು ಮೂರನೆಯದನ್ನು ಆರಿಸುತ್ತೇವೆ. ಎಲುಬು ಸಿಕ್ಕಿ ಒಂದು ನಾಯಿ ಸಾಯಬಹುದು. ಎಸೆದ ಪಿತ್ತಕೋಶದಿಂದ ಹಟ್ಟಿಯ ಕುರಿಗಳಿಗೂ ಮನೆಯ ಮಕ್ಕಳಿಗೂ ರೋಗ ತಗಲುತ್ತದೆ. ಜಾತ್ರೆಯ ಕಾಲದಲ್ಲಿ ಕುರಿ ಕೊಯ್ಯುವ ಸ್ಥಳದ ಪಕ್ಕದಲ್ಲಿ ಆಳವಾದ ಗುಂಡಿಯೊಂದನ್ನು ತೋಡಿಸಿ ಮುಚ್ಚಳ ಹಾಕಿಸುವುದು ಗ್ರಾಮ ಪಂಚಾಯತಿಗೆ ದೊಡ್ಡ ವೆಚ್ಚದ ಕೆಲಸವಲ್ಲ. ಕುರಿಗಳಿಗೆ ಲಸಿಕೆ ಹಾಕಲು ಹಟ್ಟಿಗೆ ಹೋಗುವ ಸಿಬ್ಬಂದಿಯು ಅದೇ ಭೇಟಿಯಲ್ಲಿ ನಾಯಿಗಳಿಗೂ ಜಂತುಹುಳುವಿನ ಔಷಧವನ್ನೂ ಹುಚ್ಚುರೋಗದ ಲಸಿಕೆಯನ್ನೂ ಕೊಡುವಂತಾದರೆ ಹಟ್ಟಿಯು ಊರು ಬದಲಿಸುವ ಮುನ್ನವೇ ಕೆಲಸ ಮುಗಿಯುತ್ತದೆ.